ಪೆಡಲ್ ತುಳಿದ ಕಂಡಕ್ಟರ್ ತಾತ

ಮೂವತ್ತು ವರ್ಷ ಬಸ್ಸಲ್ಲಿ "ಮುಂದೆ ಹೋಗ್ರೀ, ಮುಂದೆ ಹೋಗ್ರೀ" ಅಂತ ಇಡೀ ಊರನ್ನೇ ಸರಿಸಿದ ಮಹಾಪುರುಷರು ತಾತ. ಅಂಥವರ ಕೈಲಿ ಅಜ್ಜಿಯ ಎರಡು ಪಾದ ಅಲ್ಲಾಡಿಸೋಕೆ ಆಗ್ಲಿಲ್ಲ ಅಂದ್ರೆ ನೀವೇ ಲೆಕ್ಕ ಹಾಕಿ!

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡಿದ್ರು. ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದ್ಮೇಲೆ ಫಿಸಿಯೋ ಮೇಡಂ ತಾತನ್ನ ಪಕ್ಕಕ್ಕೆ ಕರೆದ್ರು.

"ಹೀಗೇ ಕೊರಡಿನ ಥರ ಮಲಗಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಅದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಇಂಜೆಕ್ಷನ್ ತಪ್ಪಿಸ್ಬೇಡಿ, ವಾಕರ್ ಹಿಡ್ಕೊಂಡು ನಡೆಸಿ, ಗಂಟೆಗೊಂದ್ಸಲ ಪಾದ ಮೇಲೆ-ಕೆಳಗೆ ಆಡಿಸ್ಲೇಬೇಕು."

ಇಂಜೆಕ್ಷನ್‌ಗೆ ಅಜ್ಜಿ ಜಗ್ಗಲಿಲ್ಲ. (ಟೈಲರ್ ಅಲ್ವಾ! "ಸೂಜಿ ನಂಗೇನು ಹೊಸದೇನಮ್ಮಾ? ಚುಚ್ಚು.") ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಆಸ್ಪತ್ರೇಲಿ ಕೊಟ್ಟ ಬಿಗಿ ಕಾಲುಚೀಲಕ್ಕೆ "ಯಾವ ಪುಣ್ಯಾತ್ಮ ಅಳತೆ ತಗೊಂಡಿದ್ದು?" ಅಂತ ಗೊಣಗಿ ಹಾಕ್ಕೊಂಡ್ರು. ವಾಕರ್ ಹಿಡಿದು ಬಾಗಿಲವರೆಗೂ ಹೋಗಿ ಬಂದ್ರು. ಪಾದ ಮಾತ್ರ ಊಹೂಂ.

"ಏ ಇವಳೇ, ಆಡ್ಸೇ. ರೈಟ್ ರೈಟ್!"

"ನಾನೇನು ನಿಮ್ಮ ಬಸ್ಸಾ? ನೋಯುತ್ತೆ, ಸುಮ್ನಿರಿ."

ತಾತಂಗೆ ಊಟ ಸೇರ್ಲಿಲ್ಲ. ಮಂಚದ ತುದೀಲಿ ಕೂತು ಆ ಪಾದಗಳನ್ನೇ ನೋಡಿದ್ರು. ಒಂದು ಕಾಲದಲ್ಲಿ ಇವೇ ಪಾದ ಮೂಲೇಲಿದ್ದ ಆ ಹೊಲಿಗೆ ಮಷೀನಿನ ಪೆಡಲ್ ಮೇಲೆ ಟಕ ಟಕ ಓಡ್ತಿದ್ವು. ಆಗಿನ್ನೂ ಕಂಡಕ್ಟರ್ ಹುಡುಗನಾಗಿದ್ದ ತಾತ ವಾರವಾರ ಹರಿದ ಜೇಬು ತಗೊಂಡು ಅವಳ ಟೈಲರ್ ಅಂಗಡಿ ಬಾಗಿಲಲ್ಲಿ ನಿಲ್ತಿದ್ದ. "ಚಿಲ್ಲರೆ ಭಾರಕ್ಕೆ ಹರಿದುಹೋಯ್ತು." (ಸುಳ್ಳು! ಬ್ಲೇಡಲ್ಲಿ ತಾನೇ ಕುಯ್ಕೊಂಡು ಬರ್ತಿದ್ದ!)

ಅಷ್ಟೇ, ತಾತನ ತಲೇಲಿ ದೀಪ ಹತ್ತಿತು. ಕೈಗೆ ಸಿಕ್ಕಿದ ಬಟ್ಟೆ ಹಾಕಿ ಮಷೀನ್ ಮುಂದೆ ಕೂತೇಬಿಟ್ರು. ಟಕ್... ಟಕಟಕ... ಕಟ್!

"ಅಯ್ಯೋ ಚಕ್ರ ಹಿಂದಕ್ಕೆ ತಿರುಗಿಸ್ತಿದ್ದೀರಲ್ರೀ! ದಾರ ಕಡೀತು! ಬೆರಳು ಒತ್ತಿ, ಹಿಮ್ಮಡಿ ಒತ್ತಿ, ಹೀಗೆ, ಹೀಗೆ!"

ಹೊದಿಕೆ ಕೆಳಗೆ ಎರಡು ಪಾದ ಮೇಲೆ, ಕೆಳಗೆ, ಮೇಲೆ, ಕೆಳಗೆ! ತಾತನ ಕಣ್ಣಲ್ಲಿ ನೀರೇ ಬಂತು.

ಆಮೇಲೆ ಗಂಟೆಗೊಂದು ಪಾಠ. ಎರಡು ವಾರ ತಾತ ತಪ್ಪು ತುಳಿದಿದ್ದೇ ತುಳಿದಿದ್ದು, ಅಜ್ಜಿ ಬೈದಿದ್ದೇ ಬೈದಿದ್ದು.

ಫಿಸಿಯೋ ಮೇಡಂ ಬಂದು ಕಾಲು ಮುಟ್ಟಿ ನೋಡಿದ್ರು. "ಊತ ಇಲ್ಲ, ನೋವಿಲ್ಲ. ಭೇಷ್! ಹೇಗೆ ಮಾಡಿಸಿದ್ರಿ?"

ತಾತ ಎದೆಯುಬ್ಬಿಸಿ ಯುದ್ಧ ಗೆದ್ದ ಸೇನಾಪತಿ ಥರ ಎಲ್ಲ ಹೇಳಿದ್ರು. "ಇವಳಿಗೆ ಇವತ್ತಿಗೂ ಗೊತ್ತಿಲ್ಲ, ನಾನು ಬೇಕಂತಲೇ ತಪ್ಪು ತುಳೀತಿದ್ದೆ!"

"ಎರಡನೇ ದಿನವೇ ಗೊತ್ತಾಯ್ತು," ಅಂದ್ರು ಅಜ್ಜಿ. "ನೀವು ಊಟ ಬಿಟ್ಟು ಕೂತಿದ್ರಲ್ಲ, ಅದಕ್ಕೇ ಸುಮ್ನೆ ಆಡಿಸ್ತಿದ್ದೆ. ಇರ್ಲಿ, ಎರಡು ವಾರ ಅದೇನು ಹೊಲಿದ್ರಿ, ತೋರ್ಸಿ."

ತಾತ ಬಟ್ಟೆ ಎಳೆದು ಬಿಡಿಸಿದ್ರು. ತಾತನ ಹೊಸ ಪ್ಯಾಂಟ್! ನಾಳೆ ಡಾಕ್ಟರ್ ಹತ್ರ ಹೋಗೋಕೆ ಇಟ್ಟಿದ್ದು. ಎರಡು ಕಾಲೂ ಒಂದಕ್ಕೊಂದು ಸೇರಿ, ಜೇಬುಗಳ ಬಾಯಿ ಪೂರಾ ಬಂದ್.

ಅಜ್ಜಿ ಕತ್ತರಿಗೆ ಕೈ ಚಾಚಿದ್ರು. "ಕೊಡಿ ಇಲ್ಲಿ. ಆಗ ಬ್ಲೇಡಲ್ಲಿ ಕುಯ್ಕೊಂಡು ಬರ್ತಿದ್ರಿ, ಈಗ ಹೊಲ್ಕೊಂಡು ಬಂದಿದ್ದೀರ."