ಮಾವ ಪಾಲಿಶ್ ಮಾಡಿದ ಶಾಸನ

…ಅಥವಾ ಆಗ ಮಾವನಿಗೆ ಮೀಸೆಯೇ ಇರಲಿಲ್ಲವೋ ಏನೋ. ನನ್ನ ನೆನಪು ಖಾಲಿ ಜಾಗ ಕಂಡಲ್ಲೆಲ್ಲ ಒಂದು ಮೀಸೆ ಅಂಟಿಸಿಬಿಡುತ್ತದೆ, ಪೂರ್ತಿ ನಂಬಬೇಡಿ. ಒಂದಂತೂ ಖಂಡಿತ: ಶಾಸನಕ್ಕೆ ಪಾಲಿಶ್ ಹಾಕಿದ ಮನುಷ್ಯ ಈ ಭೂಮಿಯ ಮೇಲೆ ನನ್ನ ಸೋದರಮಾವ ಒಬ್ಬನೇ!

ಚನ್ನಪಟ್ಟಣದ ಪಕ್ಕದ ಹಳ್ಳಿಯಲ್ಲಿ ಮಾವನದು ಮರದ ಗೊಂಬೆ ಕಡೆಯುವ ಕೆಲಸ. ಒರಟಾದದ್ದು ಏನು ಕಂಡರೂ ಅವನಿಗೆ ಸಹಿಸಲಾಗದು. ಜೇಬಿನಲ್ಲಿ ಸದಾ ಒಂದು ಚೂರು ಉಪ್ಪುಕಾಗದ. ನೀವು ಎದುರಿಗೆ ಕೂತು ಕಷ್ಟಸುಖ ಹೇಳುತ್ತಿದ್ದರೆ ಅವನು ನಿಮ್ಮ ಕುರ್ಚಿಯ ಕೈ ಉಜ್ಜುತ್ತಿರುತ್ತಿದ್ದ. ಮನೆಯ ಹೊಸಿಲನ್ನು ಎಂಥಾ ನುಣುಪು ಮಾಡಿದ್ದನೆಂದರೆ ಬೀಗರು ಒಳಗೆ ನಡೆದು ಬರಲಿಲ್ಲ, ಜಾರಿ ಬಂದರು! ಅತ್ತೆಯ ಮುದ್ದೆಕೋಲಿಗೆ ಪ್ರೀತಿಯಿಂದ, ಗೊಂಬೆಗೆ ಬಳಿಯುವ ಕೆಂಪು ಅರಗು ಹಿಡಿಸಿಕೊಟ್ಟ. ಕುದಿಯುವ ಹಿಟ್ಟಿನಲ್ಲಿ ಅರಗು ಕರಗದೆ ಇರುತ್ತದೆಯೇ? ಅವತ್ತು ಮುದ್ದೆಯ ತುಂಬ ಕೆಂಪು ಗೆರೆ. ಅತ್ತೆ ಮೂರು ದಿನ ಮಾತು ಬಿಟ್ಟಳು. ಮಾವ ಮಾತ್ರ ಕೊನೆಯ ತುತ್ತಿನವರೆಗೂ ಉಂಡು, ಬಣ್ಣ ಚೆನ್ನಾಗಿ ಹಿಡಿದಿದೆ ಎಂದನಂತೆ.

ಊರ ಮುಂದೆ, ಬಸ್ಸು ನಿಲ್ಲುವಲ್ಲಿ, ಒಂದು ಹುಣಸೆಮರವಿತ್ತು. ಆರು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಬೊಡ್ಡೆ. ಪಾಳೇಗಾರನೊಬ್ಬ ಯುದ್ಧಕ್ಕೆ ಹೋಗುವಾಗ ಕುದುರೆ ಕಟ್ಟಿದ್ದು ಇದಕ್ಕೇ ಎಂದು ಊರಿನವರ ನಂಬಿಕೆ. ಬುಡದಲ್ಲಿ ಬಳಪದಂಥ ಮೆತ್ತನೆಯ ಒಂದು ಕಲ್ಲು, ಅದರ ಮೇಲೆ ಸವೆದ ಅಕ್ಷರ. ನಾನು ರಾಮನಗರದಲ್ಲಿ ಬಿ.ಎ. ಓದುವಾಗ ಮಾವ ನನ್ನನ್ನು ಅದರ ಮುಂದೆ ಕೂರಿಸಿ, ಓದು ಎಂದ. ನನಗೆ ಕಂಡದ್ದು ಒಂದೇ ಅಕ್ಷರ. ಅದೂ ಕಾಗೆಯ ಕಾಲಿನ ಗುರುತಿದ್ದರೂ ಇರಬಹುದು! ಆದರೆ ಮಾವ ಕೈಮುಗಿದು ನಿಂತಿದ್ದ. ಕೈಮುಗಿದು ನಿಂತವನಿಗೆ ಗೊತ್ತಿಲ್ಲ ಎನ್ನುವುದು ಹೇಗೆ? ‘ಈ ಮರ ಕಡಿದವರಿಗೆ ಗೋವು ಕೊಂದ ಪಾಪ ಬರಲಿ’ ಎಂದು ಪಾಳೇಗಾರ ಬರೆಸಿದ್ದಾನೆ ಎಂದುಬಿಟ್ಟೆ.

ಆಮೇಲೆ ಮಾಗಡಿ ಬಸ್ಸಿಗೆ ಕಾಯುವವರಿಗೆಲ್ಲ ಮಾವ ಇದನ್ನು ಒಪ್ಪಿಸತೊಡಗಿದ. ಎಷ್ಟೋ ಜನರಿಗೆ ಬಸ್ಸು ತಪ್ಪಿತು. ಪಾಳೇಗಾರನ ಕುದುರೆಯ ಬಣ್ಣ ಮಾತ್ರ ದಿನಕ್ಕೊಂದು. ಅವತ್ತು ಬೆಳಿಗ್ಗೆ ಯಾವ ಗೊಂಬೆಗೆ ಯಾವ ಬಣ್ಣ ಹಾಕಿದ್ದನೋ ಅದೇ!

ಹೀಗಿರುವಾಗ ರಸ್ತೆ ಅಗಲ ಮಾಡುವವರು ಕಡಿಯಲೆಂದು ಮರಕ್ಕೆ ನಂಬರು ಬರೆದು ಹೋದರು. ಮಾವ ಅರ್ಜಿ ಬರೆಸಿದ, ನಾನು ಓದಿದ ಸಾಲನ್ನೂ ಸೇರಿಸಿ. ಬುಧವಾರ ಶಾಸನ ಓದುವವರು ಬರುತ್ತಾರೆ, ಅದರಲ್ಲಿ ಮರದ ಮಾತಿದ್ದರೆ ರಸ್ತೆಯನ್ನು ಸ್ವಲ್ಪ ಆಚೆ ಸರಿಸುತ್ತಾರೆ ಎಂದು ಉತ್ತರ ಬಂತು.

ಮಂಗಳವಾರ ನಾನು ಊರಿಗೆ ಹೋದೆ. ಮಾವ ಹೊಸ ಪಂಚೆ ತೆಗೆದಿಟ್ಟಿದ್ದ, ಕುಣಿಯುವುದೊಂದು ಬಾಕಿ. ನಾನು ಮುದ್ದೆಯನ್ನು ತಟ್ಟೆಯಲ್ಲೇ ಹೊರಳಿಸುತ್ತ ಕೂತೆ.

“ಮಾವ, ಅಕ್ಷರ ತುಂಬ ಸವೆದಿದೆ. ಅವರಿಗೆ ಬೇರೆ ಥರ ಕಾಣಬಹುದು.”

ಮಾವ ನನ್ನನ್ನು ಒಂದು ಗಳಿಗೆ ನೋಡಿದ. “ಉಣ್ಣವ್ವ, ಸಾರು ಆರೋಯ್ತದೆ,” ಎಂದ.

ಬುಧವಾರ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು! ಬಂದ ಇಬ್ಬರಲ್ಲಿ ಹಿರಿಯರು ಕಾಗದ, ಮಸಿ, ಬ್ರಷ್ಷು ಎಲ್ಲ ಹರಡಿಕೊಂಡು ಕಲ್ಲಿನ ಮೇಲೆ ಕೈಯಾಡಿಸಿದರು. ಮತ್ತೊಮ್ಮೆ ಆಡಿಸಿದರು.

“ಅಕ್ಷರ ಎಲ್ರೀ?”

“ನಿಮ್ಗೆ ಓದಕ್ಕೆ ಅನುಕೂಲ ಆಗ್ಲಿ ಅಂತ ಒಸಿ ಪಾಲಿಶ್ ಹೊಡ್ದೆ ಸಾ. ಉಪ್ಪುಕಾಗ್ದ ಹಾಕಿ, ಆಮ್ಯಾಕೆ ಗೊಂಬೆಗೆ ಮಾಡ್ದಂಗೆ ತಾಳೆಗರೀಲಿ ತಿಕ್ಕಿವ್ನಿ.”

ಅವರು ಕಲ್ಲಿನ ಮೇಲೆಯೇ ಕುಸಿದು ಕೂತರು. ಇಡೀ ಊರು ನಕ್ಕಿತು, ಈಗಲೂ ನಗುತ್ತದೆ. ನಾನೂ ನಕ್ಕೆ. ನನ್ನ ನಗುವಿನೊಳಗೆ, ಸದ್ಯ ಬದುಕಿಕೊಂಡೆ ಎಂಬ ನಿಟ್ಟುಸಿರಿತ್ತು. ಅದನ್ನು ಮಾತ್ರ ನನ್ನ ನೆನಪು ತಿದ್ದಿಲ್ಲ.

ಮರ ಉರುಳಲು ಮೂರು ದಿನ ಹಿಡಿಯಿತು. ಊರವರೆಲ್ಲ ಕೊಂಬೆ ಹೊತ್ತೊಯ್ದರು. ಜೀವಮಾನವೆಲ್ಲ ಮರ ಕಡೆದ ಮಾವ ಒಂದು ಚಕ್ಕೆಯನ್ನೂ ಮುಟ್ಟಲಿಲ್ಲ.

ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲೇ ಬಸ್ಸಿಗೆ ನಿಂತಿದ್ದೆವು. ಅಗಲದ ರಸ್ತೆ, ತಲೆ ಸುಡುವ ಬಿಸಿಲು. ನೆರಳಿದ್ದ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ನನ್ನ ಕಾಲಿಗೆ ಇನ್ನೂ ಗೊತ್ತು; ಮಾವನ ಕಾಲಿಗೂ ಗೊತ್ತಿರಬೇಕು, ಅದರೊಳಗೇ ನಿಂತಿದ್ದ. ಹೆಗಲ ಮೇಲಿನ ಟವೆಲ್ಲನ್ನು ನನ್ನ ತಲೆಗೆ ಹೊದಿಸಿ, ಮೆಲ್ಲಗೆ ಕೇಳಿದ:

“ಅವತ್ತು ನೀನು ಓದಿದ್ಯಲ್ಲ, ಅದ್ನ ಇನ್ನೊಂದ್ಸಲ ಯೋಳವ್ವ.”

ಹೇಳಿದೆ. ಒಂದು ಪದವೂ ತಪ್ಪದಂತೆ.

“ಚೆನ್ನಾಗೈತೆ ಕಣವ್ವ,” ಎಂದ.

ನಲವತ್ತು ವರ್ಷ ಉಪ್ಪುಕಾಗದ ಹಿಡಿದ ಕೈಗೆ, ಉಜ್ಜಿದರೆ ಗೆರೆ ಅಳಿಸುತ್ತದೆಂದು ಗೊತ್ತಿರಲಿಲ್ಲವೇ? ಮಂಗಳವಾರ ನನ್ನ ಮುಖದಲ್ಲಿ ಅವನು ಏನು ಓದಿಕೊಂಡ? ಮರವೋ ನಾನೋ ಎಂದು ಯೋಚಿಸಿ ನನ್ನನ್ನು ಉಳಿಸಿಕೊಂಡನೇ, ಅಥವಾ ಸುಮ್ಮನೆ ಎಂದಿನಂತೆ ಹೊಳಪು ಕೊಟ್ಟನೇ? ಕೇಳಲು ನನಗೆ ಬಾಯಿ ಬಂದಿಲ್ಲ. ಕಲ್ಲಿನಲ್ಲಿ ಏನಿತ್ತೋ, ಅದೂ ನನಗೆ ಗೊತ್ತಿಲ್ಲ.