ಸೈಕಲ್ಲಿನ ಹಸುಬೆಯೂ ಸೀಮಂತದ ಬಳೆಯೂ

ನಾನು ಕಟ್ಟಿದ್ದು ಯಾವುದೂ ನಿಂತ ಇತಿಹಾಸವಿಲ್ಲ. ಇದನ್ನು ವೈರಾಗ್ಯದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಬರೀ ಗಂಟಿನ ವಿಚಾರ. ನಾನು ಕಟ್ಟಿದ ಹಗ್ಗವನ್ನು ಎಮ್ಮೆಗಳು ತಲೆ ಕೊಡವಿಯೇ ಬಿಚ್ಚಿಕೊಂಡಿವೆ. ನಾನು ಕಟ್ಟಿದ ಮಾವಿನ ತೋರಣ ಗೃಹಪ್ರವೇಶದ ದಿನ ಪುರೋಹಿತರ ತಲೆಯ ಮೇಲೆ ಬಿದ್ದಿದೆ, ಅವರು ಅದನ್ನು ಸನ್ಮಾನ ಎಂದು ತಿಳಿದು ಕೈಮುಗಿದಿದ್ದಾರೆ. ಎಲ್ಲಕ್ಕೂ ಮಿಗಿಲಾಗಿ, ನನ್ನ ಮದುವೆಯಲ್ಲಿ ಸಪ್ತಪದಿಯ ನಡುವೆ ಪಂಚೆ ನನ್ನನ್ನು ಬಿಟ್ಟು ಹೋಗುವ ಲಕ್ಷಣ ತೋರಿಸಿದಾಗ, ಹೆಂಡತಿಯ ತಮ್ಮ ತಿಪ್ಪೇಸ್ವಾಮಿ ಓಡಿ ಬಂದು ತನ್ನ ಸೊಂಟದ ಬೆಲ್ಟು ಬಿಚ್ಚಿ ನನಗೆ ಬಿಗಿದ. ಆಮೇಲೆ ಪಾಪ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪಾಯಸ ಬಡಿಸಿದ. ಅವತ್ತಿನಿಂದ ಮೊಳಕಾಲ್ಮೂರಿನಲ್ಲಿ, ಅಂದರೆ ನನ್ನ ಮಾವನ ಮನೆಯ ಕೇರಿಯಲ್ಲಿ, ನಾನು ‘ಬೆಲ್ಟಿನ ಅಳಿಯ’. ಅಲ್ಲಿನ ಹೊಸ ತಲೆಮಾರಿನವರಿಗೆ ಕಾರಣ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು.

ಇಂಥ ನಾನು ಸೈಕಲ್ಲಿಗೆ ಚೀಲ ಕಟ್ಟಲು ಹೊರಟೆ ನೋಡಿ, ಅದಕ್ಕೇ ಇಷ್ಟೆಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿ ಕೂತು ಕೂತು ನನ್ನ ಹೊಟ್ಟೆ ನನಗಿಂತ ಮುಂದೆ ನಡೆಯತೊಡಗಿದಾಗ ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಗೇರಿನ ಸೈಕಲ್ ಕೊಂಡೆ. ನನ್ನಿವಾಳದವರೆಗೆ ಹೋಗಿ ಬರುವುದು ಅಭ್ಯಾಸವಾದ ಮೇಲೆ, ದೂರ ಪ್ರಯಾಣ ಮಾಡುವವರ ವಿಡಿಯೋ ನೋಡುವ ಚಟ ಹತ್ತಿತು. ಹಿಮದ ಬೆಟ್ಟದ ಮುಂದೆ ಒಬ್ಬ ಗಡ್ಡದವನು, ಅವನ ಸೈಕಲ್ಲಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಚೀಲ. ಅದಕ್ಕೆ ಪ್ಯಾನಿಯರ್ ಎನ್ನುತ್ತಾರಂತೆ. ಆನ್‌ಲೈನಿನಲ್ಲಿ ತರಿಸಿಯೇ ಬಿಟ್ಟೆ. ಡಬ್ಬ ಬಿಚ್ಚಿದಾಗ ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, “ಇದು ಹಸುಬೆ ಅಲ್ಲೇನೋ? ನಿಮ್ಮಜ್ಜ ಎತ್ತಿನ ಮ್ಯಾಲೆ ಹಾಕ್ಕೊಂಡು ಸಂತೆಗೆ ಹೋಗ್ತಿದ್ದ. ಈಗ ನಿನ್ನ ಮ್ಯಾಲೆ ಹಾಕ್ತಾರಾ?” ಎಂದಳು. ಅವ್ವನಿಗೆ ಎತ್ತಿನ ಜಾಗದಲ್ಲಿ ಯಾರಿದ್ದಾರೆ ಎಂಬ ವಿಷಯದಲ್ಲಿ ಅನುಮಾನವೇ ಇರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ತಿಪ್ಪೇಸ್ವಾಮಿಯ ಮಗಳು ಪವಿತ್ರಾಳ ಸೀಮಂತ ನಿಶ್ಚಯವಾಯಿತು. ಬಸುರಿಗೆ ಸೋದರತ್ತೆಯ ಮನೆಯಿಂದ ಹಸಿರು ಗಾಜಿನ ಬಳೆ ಹೋಗಬೇಕು. ಸೋದರತ್ತೆ ಎಂದರೆ ನನ್ನ ಹೆಂಡತಿ ವಿಶಾಲು. ಅವಳು ಅಡುಗೆ ಕೆಲಸಕ್ಕೆಂದು ಮೊದಲೇ ತವರಿಗೆ ಹೋದಳು. ಬಳೆ ಅಂಗಡಿಯವನು ಅಳತೆಯ ಬಳೆಯನ್ನು ತಡವಾಗಿ ತರಿಸಿಕೊಡುತ್ತೇನೆ ಎಂದಿದ್ದರಿಂದ ಅದನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಫೋನಿನಲ್ಲಿ, “ಬಸ್ಸು ಗಿಸ್ಸು ಬೇಡ, ಸೈಕಲ್ಲಿನಲ್ಲೇ ತರ್ತೀನಿ” ಎಂದೆ. ಆ ಕಡೆಯಿಂದ ವಿಶಾಲು, “ಗಾಜಿನ ಬಳೆ ಕಣ್ರೀ. ಒಂದು ಒಡೆದ್ರೂ ಅಪಶಕುನ ಅಂತಾರೆ. ನನ್ನ ಮರ್ಯಾದೆ ನಿಮ್ಮ ಚೀಲದಾಗೈತೆ” ಎಂದಳು. ಅಷ್ಟರಲ್ಲಿ ತಿಪ್ಪೇಸ್ವಾಮಿ ಫೋನು ಕಿತ್ತುಕೊಂಡು, “ಭಾವ, ಸೈಕಲ್ಲಾಗಾ? ಸೀಮಂತಕ್ಕೆ ಬರ್ತೀರಾ, ಇಲ್ಲಾ ನಾಮಕರಣಕ್ಕೆ ಬರ್ತೀರಾ? ಬೆಲ್ಟು ಏನಾದ್ರೂ ಕಳಿಸ್ಲಾ?” ಎಂದ. ಹಿಂದೆ ಹತ್ತಾರು ಜನ ನಕ್ಕ ಸದ್ದು ಕೇಳಿಸಿತು. ಸ್ಪೀಕರ್ ಹಾಕಿದ್ದ ಖದೀಮ. ಇನ್ನು ಸೈಕಲ್ಲು ಬಿಟ್ಟು ಬಸ್ಸು ಹತ್ತುವ ಮಾತೇ ಇರಲಿಲ್ಲ.

ಚೀಲವನ್ನು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿದರೆ ಮುಗಿಯಿತು ಎಂದು ವಿಡಿಯೋದವನು ಹೇಳಿದ್ದ. ನನ್ನ ಸೈಕಲ್ಲಿಗೆ ಕ್ಯಾರಿಯರೇ ಇರಲಿಲ್ಲ. ಖಾದರ್ ಸಾಬರ ಬಳಿ ಹೋದೆ. ಖಾದರ್ ಸಾಬರು ಬಸ್ ಸ್ಟ್ಯಾಂಡಿನ ಹಿಂದೆ ಸೈಕಲ್ ಶಾಪ್ ಇಟ್ಟಿರುವ ನನ್ನ ಹಳೆಯ ಸ್ನೇಹಿತರು. ಅವರ ಆತ್ಮವಿಶ್ವಾಸಕ್ಕೂ ಅವರ ಕೆಲಸಕ್ಕೂ ಅಂಥ ಸಂಬಂಧವೇನಿಲ್ಲ. ಹಳೆಯ ಕಬ್ಬಿಣದ ಮಂಚದ ಪೈಪು ಕತ್ತರಿಸಿ ಒಂದು ಕ್ಯಾರಿಯರ್ ಬೆಸುಗೆ ಹಾಕಿದರು. ಅದರ ಮೇಲೆ ಸಣ್ಣ ಕುಟುಂಬವೊಂದು ಮಲಗಬಹುದಿತ್ತು. ಆದರೆ ಚೀಲದ ಕೊಕ್ಕೆಯ ಬಾಯಿ ಕಿರಿದು, ಮಂಚದ ಪೈಪು ದಪ್ಪ. “ಫಿಕರ್ ಮತ್ ಕರೋ ಸಾರ್,” ಎಂದು ಕೊಕ್ಕೆಯ ಬಾಯಿಯನ್ನು ಇಕ್ಕಳದಿಂದ ಅಗಲಿಸಿದರು. ಈಗ ಕೊಕ್ಕೆ ಎಷ್ಟು ಸಡಿಲವಾಯಿತೆಂದರೆ ಚೀಲ ಉಯ್ಯಾಲೆ ಆಡತೊಡಗಿತು. ಅದಕ್ಕೆ ಹಳೇ ಟ್ಯೂಬು ಕತ್ತರಿಸಿ ಪೈಪಿಗೆ ಸುತ್ತಿದೆವು. ನಮ್ಮ ಕಡೆ ಟ್ಯೂಬು ಸುತ್ತಿ ಸರಿಹೋಗದ ಕಾಯಿಲೆಯೇ ಇಲ್ಲ.

ತುಳಿದು ನೋಡಿದರೆ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಒದೆಯುತ್ತಿತ್ತು. ಎಡಗಾಲು ಎಡ ಚೀಲಕ್ಕೆ, ಬಲಗಾಲು ಬಲ ಚೀಲಕ್ಕೆ. ಕತ್ತೆಯೇ ತನ್ನ ಮೂಟೆಗೆ ಒದ್ದುಕೊಂಡು ಹೋದ ಹಾಗೆ. ಚೀಲವನ್ನು ಹಿಂದೆ ಸರಿಸಿದೆವು. ಭಾರ ಹಿಂದಾಗಿ, ಏರು ಸಿಕ್ಕರೆ ಮುಂದಿನ ಗಾಲಿ ನೆಲ ಬಿಟ್ಟು ಆಕಾಶ ನೋಡತೊಡಗಿತು. ಕೊನೆಗೆ ಎರಡಕ್ಕೂ ನಡುವೆ ಒಂದು ಜಾಗ ಸಿಕ್ಕಿತು. ಅಲ್ಲಿ ನಾನು ಬೆರಳ ತುದಿಯಿಂದ, ಭರತನಾಟ್ಯದವರಂತೆ ತುಳಿದರೆ ಚೀಲಕ್ಕೂ ನನಗೂ ಜಗಳವಿರಲಿಲ್ಲ.

ಬಳೆ ತುಂಬುವ ಮೊದಲು ಪರೀಕ್ಷೆ ಬೇಡವೇ? ಅವ್ವ ಬೇಸಿಗೆಯಲ್ಲಿ ಮಾಡಿದ ಹಪ್ಪಳದ ಡಬ್ಬಿ ಕೊಟ್ಟು, “ಹಪ್ಪಳ ಉಳಿದ್ರೆ ಬಳೆ ಉಳಿದಂಗೆ” ಎಂದಳು. ನನ್ನಿವಾಳದ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಹಂಪಿನ ಮೇಲೆ ಹಾರಿದಾಗ ಎಡ ಚೀಲ ಕೊಕ್ಕೆ ಬಿಟ್ಟು ರಸ್ತೆಗೆ ಬಿತ್ತು, ಎದುರಿಗೆ ಬರುತ್ತಿದ್ದ ಕುರಿ ಹಿಂಡು ಅದರ ಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ನಡೆದು ಹೋಯಿತು. ಮನೆಗೆ ತಂದು ಡಬ್ಬಿ ತೆರೆದರೆ ಹಪ್ಪಳ ಸಣ್ಣ ರವೆಯಾಗಿತ್ತು. ಅವ್ವ ಏನನ್ನೂ ಎಸೆಯುವವಳಲ್ಲ. ಆ ಪುಡಿಯನ್ನು ಜೋಪಾನವಾಗಿ ಎತ್ತಿಟ್ಟಳು. ನನಗೆ ಮಾತ್ರ ಕನಸಿನಲ್ಲಿ ಬಳೆಯ ಪುಡಿ ಕಾಣಿಸತೊಡಗಿತು.

ಹೊರಡುವ ಹಿಂದಿನ ದಿನ ಖಾದರ್ ಸಾಬರು ಹಲ್ಲು ಕಡಿದು ನಿಂತರು. “ಸಾರ್, ಈ ಕೊಕ್ಕೆ ಗಿಕ್ಕೆ ಸಬ್ ಬೇಕಾರ್. ಬೋಲ್ಟ್ ಹಾಕಿಬಿಡ್ತೀನಿ.” ಚೀಲದ ಬೆನ್ನಿನ ತಗಡಿಗೆ ತೂತು ಕೊರೆದು, ಪೈಪಿನ ಮೂಲಕ ಬೋಲ್ಟ್ ತೂರಿಸಿ, ನಟ್ಟನ್ನು ಚೀಲದ ಒಳಗಿನಿಂದ ಬಿಗಿದರು. ಕೆಳಗಿನ ಪಟ್ಟಿ ಕಟ್ಟಲು ಜಾಗ ಸಾಲದೆ ಸೈಕಲ್ಲಿನ ಸ್ಟ್ಯಾಂಡನ್ನೇ ಕಿತ್ತರು. “ಸ್ಟ್ಯಾಂಡ್ ಬೇಕಾ, ಬ್ಯಾಗ್ ಬೇಕಾ ಸಾರ್? ಒಂದು ಹೇಳಿ.” ನಾನು ಬ್ಯಾಗ್ ಎಂದೆ. ಮೇಲೆ ಕಟ್ಟುವ ತಂತಿ, ಅದರ ಮೇಲೆ ಮತ್ತೆ ಟ್ಯೂಬು. ಇಬ್ಬರೂ ಸೇರಿ ಜಗ್ಗಿದೆವು, ಒದ್ದೆವು. ಅಲುಗಾಡಲಿಲ್ಲ. “ಭೂಕಂಪ ಆದ್ರೂ ಬಿಚ್ಚಲ್ಲ” ಎಂದು ಸಾಬರು ನೆತ್ತಿಯ ಬೆವರು ಒರೆಸಿಕೊಂಡರು. ನನ್ನ ಕಣ್ಣಲ್ಲಿ ನೀರೇ ಬಂತು. ಬದುಕಿನಲ್ಲಿ ಮೊದಲ ಸಲ ನನ್ನದೊಂದು ಕಟ್ಟು ನಿಂತಿತ್ತು. ಬೀಳದಂತೆ ಕಟ್ಟುವುದು ಹೇಗೆ ಎಂದು ಇಬ್ಬರು ದೊಡ್ಡ ಮನುಷ್ಯರು ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆವು, ಬಿಚ್ಚುವುದು ಹೇಗೆ ಎಂಬ ಮಾತು ಮಾತ್ರ ಇಬ್ಬರ ಬಾಯಿಗೂ ಬರಲಿಲ್ಲ.

ಅವ್ವ ಒಂದು ಚೀಲಕ್ಕೆ ಬಳೆಯ ಡಬ್ಬಿ, ಇನ್ನೊಂದಕ್ಕೆ ಕರ್ಜಿಕಾಯಿ, ಚಿಗಳಿ ಉಂಡೆ ತುಂಬಿದಳು. ಸೈಕಲ್ಲು ಎಡಕ್ಕೆ ವಾಲಿದರೆ ಬಲಕ್ಕೊಂದು ತೆಂಗಿನಕಾಯಿ, ಬಲಕ್ಕೆ ವಾಲಿದರೆ ಎಡಕ್ಕೊಂದು. ಹೀಗೆ ತೂಕ ಸಮವಾಗುವಷ್ಟರಲ್ಲಿ ಮನೆಯ ತೆಂಗಿನಕಾಯಿ ಮುಗಿದಿದ್ದವು. ಚೀಲದ ಬಾಯಿಗೆ ಅರಿಸಿನದ ದಾರ ಕಟ್ಟಿ, ಕುಂಕುಮ ಇಟ್ಟು, “ದಾರೀಲಿ ಬಿಚ್ಚಬ್ಯಾಡ. ಮಡಿಲ ಸಾಮಾನು, ಆ ಮಗಳ ಮುಂದೇನೇ ಬಿಚ್ಚಬೇಕು” ಎಂದಳು.

ಬೆಳಕು ಹರಿಯುತ್ತಲೇ ಹೊರಟೆ. ಎದುರು ಗಾಳಿ. ಪ್ರತಿ ಹಂಪಿಗೂ ಚೀಲದೊಳಗೆ ಏನೋ ಸದ್ದು. ಬಳೆಯೋ, ತೆಂಗಿನಕಾಯಿಯೋ, ನನ್ನ ಎದೆಯೋ ತಿಳಿಯದು. ತಳಕಿನಲ್ಲಿ ಚಹಾ ಕುಡಿಯಲು ನಿಂತೆ. ಸ್ಟ್ಯಾಂಡಿಲ್ಲದ್ದರಿಂದ ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ಲೋಟ. ಒಬ್ಬ ಅಜ್ಜಿ ಚೀಲಗಳನ್ನು ಸುತ್ತು ಹಾಕಿ ನೋಡಿ, “ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡ್ತೀಯೇನಪ್ಪ?” ಎಂದು ಕೇಳಿದಳು. ಇಲ್ಲವಮ್ಮ, ಸೀಮಂತಕ್ಕೆ ಹೋಗ್ತಿದ್ದೀನಿ ಎಂದೆ. ಅವಳು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ ತಲೆಯಾಡಿಸುತ್ತ ಹೊರಟಳು. ಬಿ.ಜಿ.ಕೆರೆ ದಾಟಿದ ಮೇಲೆ ಒಂದು ದೊಡ್ಡ ಗುಂಡಿಗೆ ಇಳಿದೆ. ‘ಝಲ್’ ಎಂದಿತು. ಆಮೇಲೆ ಸದ್ದೇ ಇಲ್ಲ. ಸದ್ದಿಗಿಂತ ಆ ಮೌನ ಹೆಚ್ಚು ಹೆದರಿಸಿತು. ಬಿಚ್ಚಿ ನೋಡಲು ಕೈ ತುರಿಸಿತು, ಆದರೆ ಅರಿಸಿನದ ದಾರ. ಹಾನಗಲ್ಲಿನಲ್ಲಿ ತಿರುಗಿ ಮೊಳಕಾಲ್ಮೂರು ಸೇರುವವರೆಗೆ ನನಗೆ ಗೊತ್ತಿದ್ದ ಎಲ್ಲ ದೇವರಿಗೂ ಒಂದೊಂದು ತೆಂಗಿನಕಾಯಿ ಹರಕೆ ಹೊತ್ತೆ, ಹೇಗೂ ಜೊತೆಯಲ್ಲೇ ಇದ್ದವಲ್ಲ.

ಮನೆ ಮುಂದೆ ಎಲ್ಲರೂ ಕಾಯುತ್ತಿದ್ದರು. ರಾಹುಕಾಲಕ್ಕೆ ಇನ್ನು ಸ್ವಲ್ಪವೇ ಹೊತ್ತು. “ಭಾವ ಬಂದ್ರು! ಪಂಚೆ ಉಟ್ಟಿಲ್ಲ, ಪ್ಯಾಂಟು!” ಎಂದು ತಿಪ್ಪೇಸ್ವಾಮಿ ಕೂಗಿ, ಚೀಲ ಒಳಗೆ ಒಯ್ಯಲು ಕೈಹಾಕಿ ಎತ್ತಿದ. ಚೀಲದ ಜೊತೆ ಸೈಕಲ್ಲೂ ಮೇಲೆದ್ದಿತು. ಇನ್ನೊಮ್ಮೆ ಎತ್ತಿದ. ಸೈಕಲ್ಲಿನ ಜೊತೆ ನಾನೂ ಎದ್ದೆ.

“ಇದೇನ್ ಭಾವ?”

“ಬಿಗಿಯಾಗಿ ಕಟ್ಟೀನಿ” ಎಂದೆ. ಆ ಮಾತು ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಗೆ ತಿಳಿಸಲಿ!

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಚೀಲವನ್ನು ಸೈಕಲ್ಲಿನಿಂದ ಬಿಚ್ಚಬೇಕಾದರೆ ಒಳಗಿನ ನಟ್ಟು ಬಿಚ್ಚಬೇಕು. ನಟ್ಟು ಬಿಚ್ಚಲು ಸಾಮಾನು ಹೊರಗೆ ತೆಗೆಯಬೇಕು. “ಹೊಸ್ತಿಲ ಹೊರಗೆ ಮಡಿಲ ಸಾಮಾನು ತೆಗೆಯಂಗಿಲ್ಲ,” ಎಂದರು ನನ್ನ ಅತ್ತೆ, ವಿಶಾಲುವಿನ ಅವ್ವ. “ಕಟ್ಟಿದ್ದು ಕಟ್ಟಿದಂಗೇ ಒಳಗೆ ಬರ್ಬೇಕು.” ಒಳಗೆ ಬರಬೇಕಾದರೆ ಚೀಲ ಬಿಚ್ಚಬೇಕು. ಚೀಲ ಬಿಚ್ಚಬೇಕಾದರೆ ನಟ್ಟು. ನೆರೆದವರೆಲ್ಲ ಈ ಸುತ್ತನ್ನು ಹಲವು ಬಾರಿ ಸುತ್ತಿದರು. ಒಬ್ಬರು ಕತ್ತರಿ ತಂದರು, ಅರಿಸಿನದ ದಾರ ಕಟ್ಟಿದ ಚೀಲಕ್ಕೆ ಕತ್ತರಿ ಹಾಕುವುದೇ ಎಂದು ಇನ್ನೊಬ್ಬರು ಕಿರುಚಿದರು. ವಿಶಾಲು ನನ್ನನ್ನು ನೋಡಿದ ನೋಟಕ್ಕೆ ಆ ಬೋಲ್ಟುಗಳು ತಾವೇ ಕರಗಬೇಕಿತ್ತು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಅವಸರವಾದರೆ ಅವರಿಗೆ ತೆಲುಗು ಬರುತ್ತದೆ. “ಸೈಕಿಲೇ ಲೋಪಲಿಕಿ ರಾನೀ!” ಸೈಕಲ್ಲೇ ಒಳಗೆ ಬರಲಿ ಎಂದು.

ಒಳಗೆ ಬರುವುದೆಂದರೆ ಕ್ರಮಬದ್ಧವಾಗಿ ಬರಬೇಕಲ್ಲ. ಮೊದಲು ಸೈಕಲ್ಲಿನ ಎರಡು ಗಾಲಿಗೂ ತಂಬಿಗೆಯಿಂದ ನೀರು ಹಾಕಿ ತೊಳೆದರು. ಮುತ್ತೈದೆಯರಿಬ್ಬರು ಕೆಂಪು ನೀರಿನ ಆರತಿ ಎತ್ತಿ, ಹ್ಯಾಂಡಲಿಗೆ ಕುಂಕುಮ ಹಚ್ಚಿ, ಬೆಲ್ಲಿಗೆ ಮಲ್ಲಿಗೆ ಸಿಕ್ಕಿಸಿದರು. ಬಿಸಿಲಲ್ಲಿ ಅದನ್ನು ತುಳಿದು ತಂದ ನನಗೆ ಒಂದು ಲೋಟ ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಾವನದು ನೇಕಾರರ ಮನೆ, ಪಡಸಾಲೆಯ ತುಂಬ ಮಗ್ಗ, ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ. “ಪೆಡಲು! ಪೆಡಲು ನೋಡ್ಕೊಳ್ರಿ! ನೂಲು ಹರಿದ್ರೆ ಕೊಂದುಬಿಡ್ತೀನಿ!” ಎಂದು ಮಾವ ಸೈಕಲ್ಲಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ ದಾರಿ ಬಿಡಿಸಿದರು. ನಾನು ಉಸಿರು ಬಿಗಿಹಿಡಿದು ತಳ್ಳಿದೆ. ಹಸೆಮಣೆಯ ಮೇಲೆ ಕೂತಿದ್ದ ಪವಿತ್ರ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು. ಬಸುರಿ ಹೊಟ್ಟೆ ಹಿಡಿದಳೆಂದು ಮನೆಯವರಿಗೆಲ್ಲ ಒಂದು ಕ್ಷಣ ಜೀವ ಹೋಗಿ ಬಂತು.

ಸೈಕಲ್ಲನ್ನು ಅವಳ ಪಕ್ಕದಲ್ಲೇ ನಿಲ್ಲಿಸಿದರು. ವಿಶಾಲು ದಾರ ಬಿಚ್ಚಿ ಡಬ್ಬಿ ತೆಗೆದಳು. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಳ ತೆರೆದ ಸದ್ದು.

“ಇದೇನ್ರೀ, ಪುಡಿ?” ಎಂದಳು ವಿಶಾಲು.

ಕಣ್ಣು ಬಿಟ್ಟು ನೋಡಿದರೆ ಡಬ್ಬಿಯ ತುಂಬ ಬಿಳಿಯ ಪುಡಿ. ಅವಳು ಕೈಯಾಡಿಸಿದಳು. ಒಳಗಿನಿಂದ ಹಸಿರು ಬಳೆಗಳು ಒಂದೊಂದೇ, ಒಂದು ಗೀರೂ ಇಲ್ಲದೆ, ಹೊರಗೆ ಬಂದವು. ಅವ್ವ ಆ ಹಪ್ಪಳದ ರವೆಯ ನಡುವೆ ಬಳೆ ಹುದುಗಿಸಿ ಕಳಿಸಿದ್ದಳು. ಗುಂಡಿಯಲ್ಲಿ ‘ಝಲ್’ ಎಂದು ಅವು ರವೆಯೊಳಗೆ ಇನ್ನೂ ಆಳಕ್ಕೆ ಇಳಿದಿದ್ದವು, ಅಷ್ಟೆ. ವಿಶಾಲು ಅಳುತ್ತ ನಕ್ಕಳೋ ನಗುತ್ತ ಅತ್ತಳೋ, ನನಗಂತೂ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅತ್ತೆ ಆ ಪುಡಿಯನ್ನು ಚಳ್ಳಕೆರೆಯ ಹೊಸ ಸಿಹಿಯೆಂದು ತಿಳಿದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಚೆನ್ನಾಗೈತೆ. ಉಪ್ಪು ಒಂಚೂರು ಮುಂದು” ಎಂದರು.

ನಟ್ಟು ಬಿಚ್ಚುವ ಕೆಲಸ ಊಟದ ನಂತರ ಎಂದಾಯಿತು. ಊಟದ ನಂತರ ನಟ್ಟಿಗೆ ಪಾನೆ ಹಾಕಿ ತಿರುಗಿಸಿದರೆ, ಸಾಬರು ಸತ್ಯವನ್ನೇ ನುಡಿದಿದ್ದರು. ಅದು ಇವತ್ತಿನವರೆಗೂ ಬಿಚ್ಚಿಲ್ಲ. ಅವತ್ತು ಬಳೆ ತೊಡಿಸಿ ಹಾಡು ಮುಗಿಯುವವರೆಗೆ, ಸ್ಟ್ಯಾಂಡಿಲ್ಲದ ಆ ಸೈಕಲ್ಲನ್ನು ಹಿಡಿದು ನಾನು ನಿಂತೇ ಇದ್ದೆ. ಪಾಯಸವನ್ನೂ ನಿಂತೇ ಕುಡಿದೆ, ಒಂದು ಕೈಯಲ್ಲಿ. ತಿಪ್ಪೇಸ್ವಾಮಿ ಬಡಿಸಲು ಬಂದವನು ನನ್ನ ಭಂಗಿ ನೋಡಿ, “ಈಗ ಗೊತ್ತಾಯ್ತಾ ಭಾವ, ಅವತ್ತು ನನಗೆ ಹೆಂಗಾಗಿತ್ತು ಅಂತ?” ಎಂದ.

ಫೋಟೋ ಮೊನ್ನೆ ಬಂತು. ನಡುವೆ ಪವಿತ್ರ, ಕೈತುಂಬ ಹಸಿರು ಬಳೆ. ಪಕ್ಕದಲ್ಲಿ ಕುಂಕುಮ, ಮಲ್ಲಿಗೆ ಮುಡಿದ ಸೈಕಲ್ಲು, ಎಷ್ಟು ಗಂಭೀರವಾಗಿ ನಿಂತಿದೆ! ಅಂಚಿನಲ್ಲಿ ಸೀಟಿನ ಮೇಲೆ ಒಂದು ಕೈ ಕಾಣುತ್ತದೆ. ಅದು ನನ್ನದು. ನಾಮಕರಣಕ್ಕೂ ಕರೆ ಬಂದಿದೆ. “ಸೈಕಲ್ಲು ತಪ್ಪದೆ ಬರ್ಬೇಕಂತೆ, ಮನೆಗೆ ಒಳ್ಳೇ ಕಾಲ್ಗುಣ ಅಂತಾಳೆ ನಮ್ಮವ್ವ” ಎಂದಳು ವಿಶಾಲು. ನನ್ನ ಸುದ್ದಿ ಯಾರೂ ಎತ್ತಲಿಲ್ಲವೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ನೀವೂ ಬರ್ಲೇಬೇಕಲ್ರೀ, ಅದಕ್ಕೆ ಸ್ಟ್ಯಾಂಡ್ ಎಲ್ಲೈತೆ?” ಎಂದಳು.