ನಾನು ಕಟ್ಟಿಸಿದ ಕಲ್ಯಾಣ

ತಂತ್ರಜ್ಞಾನ ಎಂದರೆ ನನಗೆ ಭಯವಿಲ್ಲ. ನಮ್ಮ ಮನೆಯ ಮಿಕ್ಸರ್ ಮುನಿಸಿಕೊಂಡಾಗ ತಲೆಗೆರಡು ತಟ್ಟಿ ಸರಿಮಾಡುವವಳು ನಾನೇ. ರಿಮೋಟಿನ ಸೆಲ್ಲುಗಳನ್ನು ಅದಲುಬದಲು ಮಾಡಿ ಇನ್ನೊಂದು ತಿಂಗಳು ಓಡಿಸುವವಳೂ ನಾನೇ. ಇಷ್ಟೆಲ್ಲ ಅನುಭವವಿರುವಾಗ ಹನ್ನೊಂದನೇ ತರಗತಿಗೆ ವರ್ಚುವಲ್ ಲೋಕದಲ್ಲಿ ಕನ್ನಡ ಪಾಠ ಮಾಡುವುದು ಏನು ಮಹಾ ಎಂದುಕೊಂಡೆ. ಅದು ಏನು ಮಹಾ ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಟೀಚರ್. ತವರು ವಿಜಯಪುರದ ಕಡೆ. ನನ್ನ ಕ್ಲಾಸಿನ ಮಕ್ಕಳೆಲ್ಲ ಇಲ್ಲಿಯೇ ಹುಟ್ಟಿದವರು. ಕೆಲವರ ಮನೆಮಾತು ತುಳು, ಕೆಲವರ ಮನೆಯಲ್ಲಿ ಕಲಬುರಗಿ ಕನ್ನಡ. ನಾನು ಕನ್ನಡದಲ್ಲಿ ಕೇಳಿದ್ದು ಎಲ್ಲರಿಗೂ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ!

ಆದರೂ ನಮ್ಮ ಸಂಸಾರ ಹೇಗೋ ನಡೆದಿತ್ತು. ಅಷ್ಟರಲ್ಲಿ ಐಟಿ ಬಂತು. ಎರಡನೇ ಭಾಷೆಯ ಬದಲು ಮಕ್ಕಳು ಐಟಿ ವಿಷಯ ಆರಿಸಿಕೊಳ್ಳಬಹುದು, ಅದರಲ್ಲಿ ಮಾರ್ಕು ಧಾರಾಳ ಎಂಬ ಸುದ್ದಿ ಹಬ್ಬಿತು. ಐಟಿ ಕ್ಲಾಸಿನಲ್ಲಿ ನಿಲ್ಲಲು ಜಾಗವಿಲ್ಲ, ನನ್ನ ಕ್ಲಾಸಿನಲ್ಲಿ ಮಲಗಲೂ ಜಾಗವಿದೆ! ಕೊನೆಗೊಂದು ದಿನ ನಮ್ಮ ಸಂಸ್ಥೆಯ ಅಧ್ಯಕ್ಷರಾದ ಶೆಟ್ಟರು ನನ್ನನ್ನು ಕರೆಸಿದರು. ಠಾಣೆಯ ವರ್ತಕ ನಗರದಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ ಹಿರಿಯರು.

"ಬೇಜಾರು ಮಾಡ್ಬೇಡಿ ಟೀಚರೇ. ಬರುವ ವರ್ಷ ಕನ್ನಡ ನಿಲ್ಲಿಸುವ ಅಂತ ಉಂಟು. ಮಕ್ಕಳೇ ಬಾರದಿದ್ರೆ ನಾವಾದ್ರೂ ಎಂತ ಮಾಡುದು?" ಎಂದರು.

ನೌಕರಿಯ ಚಿಂತೆ ಇದ್ದೇ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಆ ಖಾಲಿ ಬೆಂಚುಗಳು ಕಣ್ಣ ಮುಂದೆ ಬಂದವು. ಈ ಊರಿನಲ್ಲಿ ಆ ಮಕ್ಕಳು ಕನ್ನಡ ಅಕ್ಷರ ನೋಡುವುದು ನನ್ನ ಕರಿಹಲಗೆಯ ಮೇಲೆ ಮಾತ್ರ. ಅದೂ ಹೋದರೆ? ಆ ಆವೇಶದಲ್ಲಿ ನನ್ನ ಬಾಯಿಂದ ಐತಿಹಾಸಿಕ ಘೋಷಣೆಯೊಂದು ಹೊರಬಿತ್ತು.

"ಸರ್, ಒಂದು ಅವಕಾಶ ಕೊಡಿ. ಐಟಿಯವರು ಕಂಪ್ಯೂಟರ್ ಕಲಿಸ್ತಾರೆ. ನಾನು ಕಂಪ್ಯೂಟರಿನ ಒಳಗೇ ಕನ್ನಡ ಕಲಿಸ್ತೀನಿ!"

ಹಾಗೆಂದರೇನು ಎಂದು ಅವರಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲ.

ಕಾಲೇಜಿಗೆ ಯಾರೋ ಹಳೆಯ ವಿದ್ಯಾರ್ಥಿ ಕೊಟ್ಟಿದ್ದ ಹೆಡ್‌ಸೆಟ್ ಒಂದಿತ್ತು. ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕ ಕಾಣುವ ಪೆಟ್ಟಿಗೆ. ಹೊರಗೆ ಒಂದು ಹೆಜ್ಜೆ ಇಟ್ಟರೆ ಒಳಗೂ ಒಂದು ಹೆಜ್ಜೆ. ಅದನ್ನು ಮನೆಗೆ ತಂದು ಭಾನುವಾರ ಅಭ್ಯಾಸಕ್ಕಿಳಿದೆ. ಆ ಲೋಕಕ್ಕೆ ಹೋಗಬೇಕಾದರೆ ಮೊದಲು ನಮ್ಮದೊಂದು ಅವತಾರ ಆರಿಸಿಕೊಳ್ಳಬೇಕಂತೆ. ಸೀರೆ ಹುಡುಕಿದೆ, ಇರಲಿಲ್ಲ. ಜಡೆ ಹುಡುಕಿದೆ, ಇದ್ದ ಕೂದಲೂ ಹೋಯಿತು. ಯಾವುದೋ ಗುಂಡಿ ಒತ್ತಿದೆ, ಮೈ ಹಸಿರಾಯಿತು. ಅಂತೂ ಹಸಿರು ಬಣ್ಣದ ಬೋಳುತಲೆಯ ಗಂಡಸೊಬ್ಬ ಸಿದ್ಧನಾದ. ಅವನೇ ನಾನು! ಬದಲಾಯಿಸುವುದು ಹೇಗೆಂದು ತಿಳಿಯದೆ ಅವನನ್ನು ಹಾಗೆಯೇ ಅದರೊಳಗೆ ಬಿಟ್ಟೆ.

ಅಷ್ಟರಲ್ಲಿ ನಮ್ಮವರು ಅಡುಗೆಮನೆಗೆ ಬಂದರು. ನಾನು ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು, ಕೈ ಮುಂದೆ ಚಾಚಿ, ಫ್ರಿಜ್ಜನ್ನು ತಡವುತ್ತಿದ್ದೆ.

"ಏನಽ ಇದು ನಿನ್ನ ಅವತಾರ!"

"ನಿಮಗೂ ಕಂಡ್ತೇನ್ರಿ? ಬೋಳುತಲಿ ಐತಲ್ಲ?"

ಅವರು ನನ್ನ ಕೈಯನ್ನು ಫ್ರಿಜ್ಜಿನಿಂದ ಬಿಡಿಸಿದರು. ಆಮೇಲೆ ಮೆತ್ತಗೆ, "ಚಹಾ ನಾನಽ ಮಾಡ್ಕೋತೀನಿ ತಗೋ, ನೀ ಕೂಡು" ಎಂದರು. ಮದುವೆಯಾದ ಮೇಲೆ ಅವರು ಚಹಾ ಮಾಡಿದ್ದು ಅದೇ ಮೊದಲು. ಡಿಜಿಟಲ್ ಶಿಕ್ಷಣದಿಂದ ನಮ್ಮ ಮನೆಗಾದ ಲಾಭ ಅಷ್ಟೇ.

ನನಗೆ ಮಾತ್ರ ತಲೆ ಗಿರ್ರೆಂದು ತಿರುಗಿ, ಬದಲಾಪುರದ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿ ಬಂದಂತಾಯಿತು. ಇನ್ನು ಈ ಪೆಟ್ಟಿಗೆ ಕಟ್ಟಿಕೊಳ್ಳುವುದಿಲ್ಲ, ಕಟ್ಟುವ ಕೆಲಸ ಮಕ್ಕಳು ಮಾಡಲಿ, ನಾನು ಹೊರಗಿನಿಂದ ಘನವಾದ ಮಾರ್ಗದರ್ಶನ ನೀಡುವೆ ಎಂದು ತೀರ್ಮಾನಿಸಿದೆ.

ಆಗ ನಮಗೆ ವಚನಗಳ ಪಾಠ ನಡೆದಿತ್ತು. ಶರಣರು ಜಾತಿ ಬಿಟ್ಟು, ಮೇಲು ಕೀಳು ಬಿಟ್ಟು, ಒಂದೇ ಮಂಟಪದಲ್ಲಿ ಕೂತು ಮಾತಾಡಿದ ಕಥೆಯನ್ನು ಮನಸಾರೆ ಹೇಳಿದೆ. ಹೇಳಿ, ಚಾಕ್‌ಪೀಸ್ ಕೆಳಗಿಟ್ಟು, ಗಂಭೀರವಾಗಿ ಆಜ್ಞಾಪಿಸಿದೆ: "ಮಕ್ಕಳೇ, ನೀವೆಲ್ಲ ಸೇರಿ ಆ ಲೋಕದಲ್ಲಿ ಕಲ್ಯಾಣ ಕಟ್ಟಿರಿ!"

ಮಕ್ಕಳು ಕುಣಿದಾಡಿದರು. ಹೋಮ್‌ವರ್ಕ್ ಎಂದರೆ ಮುಖ ತಿರುಗಿಸುವವರು ಕಾಲೇಜು ಬಿಟ್ಟ ಮೇಲೂ ಕಂಪ್ಯೂಟರ್ ಮುಂದೆ ಕೂತು ಕಟ್ಟಿದರು. ನಾನು ದಿನವೂ ವಿಚಾರಿಸುತ್ತಿದ್ದೆ. ಉತ್ತರ ಕೊಡುತ್ತಿದ್ದವಳು ಶ್ರಾವಣಿ, ಅವರ ತಂಡದ ನಾಯಕಿ.

"ಕಲ್ಯಾಣ ಎಲ್ಲಿಗೆ ಬಂತಮ್ಮ?"

"ಪ್ಲಾಟ್‌ಫಾರ್ಮ್ ರೆಡಿ ಹೈ ಟೀಚರ್."

ಕಂಪ್ಯೂಟರಿನ ಭಾಷೆ ಇರಬೇಕೆಂದು ತಲೆಯಾಡಿಸಿದೆ.

"ಕಂಬಗಳು?"

"ಖಂಬಾ ತೋ ಬಹುತ್ ಹೈ!"

"ಜನ ಹಾಕಿದ್ದೀರಾ?"

"ಬಹುತ್ ಭೀಡ್ ಹೈ ಟೀಚರ್. ಪಾಂವ್ ರಖನೇ ಕೀ ಜಗಹ್ ನಹೀಂ!"

ಭೇಷ್ ಎಂದೆ. ಶರಣರೇನು ಒಬ್ಬರೇ ಇಬ್ಬರೇ! ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿಸಿದ ಮಕ್ಕಳ ಇತಿಹಾಸಪ್ರಜ್ಞೆಗೆ ಕಣ್ಣು ತುಂಬಿ ಬಂತು. ದೊಡ್ಡದೊಂದು ಬ್ರಿಡ್ಜ್ ಕೂಡ ಇದೆ ಎಂದಾಗ, ಕೋಟೆಯ ಕಂದಕಕ್ಕೆ ಇರಬೇಕು ಎಂದು ನಾನೇ ಅರ್ಥ ಹಚ್ಚಿಕೊಂಡೆ.

ಪ್ರದರ್ಶನದ ದಿನ ಬಂತು. ಶೆಟ್ಟರು ಬಂದರು, ಪ್ರಿನ್ಸಿಪಾಲರು ಬಂದರು. ಶೆಟ್ಟರನ್ನು ಸನ್ಮಾನಿಸಲೆಂದು ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ ಇಟ್ಟಿದ್ದೆ. ಮೇಜಿನ ಪಕ್ಕದಲ್ಲೇ ನಿಂತು, ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಂಡು ಭಾಷಣ ಮಾಡಿದೆ: "ಮಾನ್ಯ ಅಧ್ಯಕ್ಷರೇ, ತಾವೀಗ ಹನ್ನೆರಡನೇ ಶತಮಾನಕ್ಕೆ ಪ್ರಯಾಣ ಬೆಳೆಸಲಿದ್ದೀರಿ. ತಮ್ಮ ಕಣ್ಣ ಮುಂದೆ ಶರಣರ ಕಲ್ಯಾಣ ಪ್ರತ್ಯಕ್ಷವಾಗಲಿದೆ!"

ಶೆಟ್ಟರು ಕೋಣೆಯ ನಡುವೆ ನಿಂತು ಪೆಟ್ಟಿಗೆ ಕಟ್ಟಿಕೊಂಡರು. ಅವರು ನೋಡುವುದೆಲ್ಲ ನಮಗೆ ಗೋಡೆಯ ಪರದೆಯ ಮೇಲೆ ಕಾಣುತ್ತಿತ್ತು. ಪರದೆ ಬೆಳಗಿತು.

ಕಲ್ಯಾಣ ಪ್ರತ್ಯಕ್ಷವಾಯಿತು. ನಮ್ಮ ಲೋಕಲ್ ರೈಲಿನಲ್ಲಿ ಡೊಂಬಿವಲಿ ಆದ ಮೇಲೆ ಠಾಕುರ್ಲಿ, ಠಾಕುರ್ಲಿ ಆದ ಮೇಲೆ ಕಲ್ಯಾಣ. ಆ ಕಲ್ಯಾಣ!

ಅದೇ ಪ್ಲಾಟ್‌ಫಾರ್ಮ್. ಅದೇ ಕಂಬ. ಅದೇ ಬ್ರಿಡ್ಜ್. ವಡಾಪಾವ್ ಸ್ಟಾಲ್ ಕೂಡ ಇತ್ತು. ಅದರ ಮುಂದೆ ವಿಭೂತಿ ಹಚ್ಚಿಕೊಂಡ ಶರಣರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಲೋಕಲ್‌ಗೆ ಕಾಯುತ್ತಿದ್ದರು!

"ಎಂತದು ಟೀಚರೇ, ಇದು ನಮ್ಮ ಕಲ್ಯಾಣ್ ಸ್ಟೇಷನ್ ಅಲ್ವಾ?" ಎಂದರು ಶೆಟ್ಟರು ಪೆಟ್ಟಿಗೆಯೊಳಗಿಂದ.

ನಾನು ಶ್ರಾವಣಿಯ ಕಡೆ ತಿರುಗಿ ಹಲ್ಲು ಕಡಿದೆ. "ಅಯ್ಯೋ ಹುಡುಗಿ, ಬೀದರ ಸೀಮೆಯ ಕಲ್ಯಾಣ ಕಣೇ!"

"ಆಪ್‌ನೇ ಹೀ ತೋ ಬೋಲಾ, ಕಲ್ಯಾಣ್ ಬನಾನಾ ಹೈ," ಎಂದಳು ಅವಳು ಮುಗ್ಧವಾಗಿ. "ಮಂಟಪ ಭೀ ಹೈ ಟೀಚರ್. ರೈಟ್ ಸೈಡ್ ಮೇ. ವೇಟಿಂಗ್ ರೂಮ್ ಕೇ ಬಾಜೂ ಮೇ."

ಹೋದ ಪ್ರಾಣ ಮರಳಿತು. ಹೇಗಾದರೂ ಮಾಡಿ ಶೆಟ್ಟರನ್ನು ಬಲಕ್ಕೆ ತಿರುಗಿಸಿ ಮಂಟಪಕ್ಕೆ ಮುಟ್ಟಿಸಿದರೆ ಕನ್ನಡ ಉಳಿದಂತೆ. ಅಷ್ಟರಲ್ಲಿ ಪರದೆಯ ಮೇಲೆ ದೂರದಲ್ಲಿ ಗಾಡಿಯ ದೀಪ ಕಂಡಿತು. ನಾನು ಗಾಬರಿಯಾಗಿ ಕೂಗಿದೆ.

"ಬಲ! ಸರ್, ಬಲ!"

ಶೆಟ್ಟರು ಬಲಕ್ಕೆ ತಿರುಗಲಿಲ್ಲ. ನೆಟ್ಟಗೆ ನನ್ನ ಕಡೆಗೇ ಹೆಜ್ಜೆ ಇಟ್ಟರು.

"ಬಲ ಸರ್, ಬಲ ಬಲ ಬಲ!"

"ಬಂದೆ ಮಾರಾಯ್ತಿ, ಬಂದೆ! ಎಷ್ಟು ಸಲ ಕರೀತೀರಿ!" ಎನ್ನುತ್ತ ಅವರು ಇನ್ನೂ ಜೋರಾಗಿ ನಡೆದರು. ಒಳಗೆ ಪ್ಲಾಟ್‌ಫಾರ್ಮ್ ಮುಗಿಯಿತು, ಅಧ್ಯಕ್ಷರು ಹಳಿಯ ಮೇಲೆ ಬಿದ್ದರು. ಹೊರಗೆ ಮೇಜು ಬಂತು, ಅಧ್ಯಕ್ಷರು ಅದಕ್ಕೆ ಡಿಕ್ಕಿ ಹೊಡೆದರು. ಗಾಡಿ ಮೈಮೇಲೆ ಬಂತೆಂದು ಚೀರಿ, ಹಿಮ್ಮುಖವಾಗಿ ತಿರುಗಿ, ಕುರ್ಚಿ ಎಂದು ತಿಳಿದು ಹಣ್ಣಿನ ಬುಟ್ಟಿಯ ಮೇಲೆ ಕೂತುಬಿಟ್ಟರು. ಸೇಬುಗಳು ಉರುಳಿ ಓಡಿದವು. ಚಿಕ್ಕುಗಳು ಓಡಲಿಲ್ಲ. ಅವು ಅಧ್ಯಕ್ಷರ ಬಿಳಿ ಪ್ಯಾಂಟಿಗೆ ಅಂಟಿಕೊಂಡಿದ್ದವು.

ತುಳು ಮಾತಾಡುವ ಮಕ್ಕಳೆಲ್ಲ ಬಾಯಿಗೆ ಕರವಸ್ತ್ರ ತುರುಕಿಕೊಂಡು ಅಲುಗುತ್ತಿದ್ದರು. ಶ್ರಾವಣಿ ನನ್ನ ಕಿವಿಯಲ್ಲಿ ಉಸುರಿದಳು. "ಟೀಚರ್, ತುಳುವಿನಲ್ಲಿ ಬಲ ಅಂದ್ರೆ ಬಾ. ಸಣ್ಣವರನ್ನು ಕರೆಯೋದು. ದೊಡ್ಡವರಿಗೆ ಬಲೆ ಅನ್ನಬೇಕು."

ಅವಳು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಸ್ಥೆಯ ಅಧ್ಯಕ್ಷರನ್ನು ತುಂಬಿದ ಸಭೆಯಲ್ಲಿ ಬಾರೋ ಬಾರೋ ಎಂದು ಕರೆದು ರೈಲಿನ ಕೆಳಗೆ ಹಾಕಿದ್ದೆ! ಕನ್ನಡ ಮುಗಿಯಿತು, ನಾನೂ ಮುಗಿದೆ ಎಂದು ಕಣ್ಣು ಮುಚ್ಚಿದೆ.

ಆಗ ಗೋಡೆಯ ಕಡೆಯಿಂದ ದನಿಯೊಂದು ಬಂತು. ಕಟ್ಟಿದ ಸ್ಟೇಷನ್ನಿನ ಒಳಗಿನ ಅನೌನ್ಸ್‌ಮೆಂಟ್ ಅದು.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಶರಣರ ಲೋಕಲ್ ಬರುತ್ತಿದೆ. ಈ ಗಾಡಿಗೆ ಫಸ್ಟ್ ಕ್ಲಾಸ್ ಡಬ್ಬಿ ಇಲ್ಲ. ಎಲ್ಲರೂ ಒಂದೇ ಡಬ್ಬಿಯಲ್ಲಿ ಕೂರಬೇಕು. ಕೂತವರು ಸ್ವಲ್ಪ ಸರಿದು ನಿಂತವರಿಗೆ ಜಾಗ ಕೊಡಬೇಕು."

ತೊದಲು ಕನ್ನಡ, ಆದರೆ ಅಪ್ಪಟ ಕನ್ನಡ. ಶ್ರಾವಣಿಯದೇ ದನಿ.

ಶೆಟ್ಟರು ಮೆಲ್ಲಗೆ ಪೆಟ್ಟಿಗೆ ಬಿಚ್ಚಿದರು. "ಫಸ್ಟ್ ಕ್ಲಾಸ್ ಯಾಕೆ ತೆಗೆದದ್ದು?" ಎಂದು ಕೇಳಿದರು.

"ಟೀಚರೇ ಹೇಳಿದ್ರು ಸರ್," ಎಂದಳು ಶ್ರಾವಣಿ. "ಶರಣರಲ್ಲಿ ಮೇಲು ಕೀಳು ಇಲ್ಲ ಅಂತ. ಫಿರ್ ಫಸ್ಟ್ ಕ್ಲಾಸ್ ಕೈಸೇ ರಖೇಂಗೇ?"

ಪಾಠ ಅವರಿಗೆ ಮುಟ್ಟಿತ್ತು. ಊರು ತಪ್ಪಿತ್ತು, ಪಾಠ ತಪ್ಪಿರಲಿಲ್ಲ!

ಶೆಟ್ಟರು ಪ್ರಿನ್ಸಿಪಾಲರ ಕಡೆ ತಿರುಗಿದರು. "ನಾನು ಪ್ರಾಯದಲ್ಲಿ ದಿನಾ ಈ ಲೈನಲ್ಲೇ ಓಡಾಡಿದವ. ಆ ಸ್ಟೇಷನ್ನಲ್ಲಿ ಕನ್ನಡ ಕೇಳ್ತದೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ. ಕ್ಲಾಸು ಇರ್ಲಿ ಮಾರಾಯ್ರೆ. ನಿಲ್ಲಿಸುದು ಬೇಡ."

ನಾನು ಕೈ ಮುಗಿದು, ತಪ್ಪಾಯಿತು ಸರ್ ಎಂದು ತೊದಲಿದೆ.

"ಇರ್ಲಿ ಟೀಚರೇ," ಎಂದರು ಅವರು ಚಿಕ್ಕು ಕೊಡವಿಕೊಳ್ಳುತ್ತ. "ಹೆಂಡತಿ ಬಲೆ ಅಂತಾಳೆ, ಊರಿನವರೂ ಬಲೆ ಅಂತಾರೆ. ನಮ್ಮ ಅಮ್ಮ ಹೋದ ಮೇಲೆ ನನ್ನನ್ನು ಬಲ ಅಂತ ಕರೆದವರು ನೀವೊಬ್ಬರೇ. ಅದಕ್ಕೇ ಓಡಿ ಬಂದದ್ದು." ನಗುತ್ತಲೇ ಹೇಳಿದರು, ಆದರೆ ಕಣ್ಣು ಒರೆಸಿಕೊಂಡರು.

ಮರುವಾರ ಪ್ರಿನ್ಸಿಪಾಲರ ಆದೇಶ ಬಂತು. ಕನ್ನಡ ತರಗತಿ ಮುಂದುವರಿಯತಕ್ಕದ್ದು. ಹೆಡ್‌ಸೆಟ್ ಶ್ರಾವಣಿಯ ಸುಪರ್ದಿಯಲ್ಲಿ ಇರತಕ್ಕದ್ದು. ಕನ್ನಡ ಟೀಚರ್ ಯಾರಿಗೂ ಯಾವ ದಿಕ್ಕನ್ನೂ ತೋರಿಸತಕ್ಕದ್ದಲ್ಲ.

ಮಕ್ಕಳು ಆ ಕಲ್ಯಾಣವನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ. ಮೊನ್ನೆ ಪರದೆಯ ಮೇಲೆ ತೋರಿಸಿದರು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಹಸಿರು ಬಣ್ಣದ ಬೋಳುತಲೆಯ ಮನುಷ್ಯನೊಬ್ಬ ನಿಂತಿದ್ದಾನೆ. ಹತ್ತಿರ ಹೋದವರಿಗೆಲ್ಲ ಕೈ ಬೀಸಿ "ಬಲ, ಬಲ" ಎನ್ನುತ್ತಾನೆ. ಅವನ ಪಕ್ಕದಲ್ಲಿ ಒಂದು ಬೋರ್ಡು: "ಎಚ್ಚರಿಕೆ! ಇವರು ನಮ್ಮ ಕನ್ನಡ ಟೀಚರ್. ದಯವಿಟ್ಟು ಇವರನ್ನು ದಾರಿ ಕೇಳಬೇಡಿ."

ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದೆ. ಒಂದೇ ಒಂದು ಕಾಗುಣಿತ ತಪ್ಪಿಲ್ಲ. ಹೇಗೆ ಕಲಿಸಿದ್ದೇನೆ ನೋಡಿ!